ಏನು ಹೇಳಿದರೂ ‘ಆಗಲ್ಲ’ ಎನ್ನುವ ಒಂಬತ್ತರ ಹುಡುಗ: ಓಡಿಡಿ ಎಂದರೇನು, ಮನೆಯಲ್ಲಿ ಎಲ್ಲಿಂದ ಶುರು ಮಾಡಬೇಕು

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಸುಮಾರು ಒಂದು ವರ್ಷದಿಂದ ಏನು ಹೇಳಿದರೂ ‘ಆಗಲ್ಲ, ಹೋಗು’ ಅಂತಾನೆ. ಮಾತಿಗೆ ಮಾತು, ಬಾಗಿಲು ಒದೆಯೋದು, ತಪ್ಪು ಮಾಡಿ ತಂಗಿ ಮೇಲೆ ಹಾಕೋದು. ಈ ವರ್ಷ ಶಾಲೆಯಿಂದಲೂ ದೂರು ಬರ್ತಿದೆ. ಲೆಕ್ಕ ಬಾಯಲ್ಲಿ ಪಟಪಟ ಹೇಳ್ತಾನೆ, ಬರೆಯೋಕೆ ಕೂರಿಸಿದರೆ ಪೆನ್ಸಿಲ್ ಎಸೀತಾನೆ. ನಮ್ಮವರು ಎರಡು ಬಾರಿಸಿದರೆ ಅವತ್ತೊಂದು ದಿನ ಸುಮ್ಮನಿರ್ತಾನೆ. ಅತ್ತೆ ರಂಪ ತಡೆಯಲಾರದೆ ಫೋನ್ ಕೊಟ್ಟುಬಿಡ್ತಾರೆ. ಕೌನ್ಸೆಲರ್ ಒಬ್ಬರು ‘ಓಡಿಡಿ ಇರಬಹುದು’ ಅಂದರು. ನೆಟ್‌ನಲ್ಲಿ ಓದಿದರೆ ಇಂಥ ಮಕ್ಕಳು ಮುಂದೆ ಕ್ರಿಮಿನಲ್ ಆಗ್ತಾರೆ ಅಂತಿದೆ. ಇದು ಕಾಯಿಲೆಯೋ, ನಾವು ಬೆಳೆಸಿದ ರೀತಿಯೋ? ಈಗಲೇ ಹೀಗಾದರೆ ಹದಿನೈದಕ್ಕೆ ಏನು ಗತಿ? (ಓದುಗರು, ಅರಸೀಕೆರೆ)

ಉತ್ತರ: ನಿಮ್ಮ ನಿದ್ದೆ ಕೆಡಿಸಿರುವ ಮಾತಿನಿಂದಲೇ ಶುರು ಮಾಡೋಣ. ಓಡಿಡಿ ಎಂದರೆ ಆಪೊಸಿಷನಲ್ ಡಿಫೈಯಂಟ್ ಡಿಸಾರ್ಡರ್, ಸಿಟ್ಟು ಮತ್ತು ಎದುರಾಟ ಬಿಡದೆ ಕಾಡುವ ತೊಂದರೆ. ಅದು ಇರುವ ಮಕ್ಕಳಲ್ಲಿ ಹೆಚ್ಚಿನವರು ಮುಂದೆ ಅಪರಾಧಿಗಳಾಗುವುದಿಲ್ಲ. ಕಳ್ಳತನ, ಕ್ರೌರ್ಯ, ಆಸ್ತಿ ಹಾಳುಮಾಡುವುದು ಸೇರಿದ ‘ಕಂಡಕ್ಟ್ ಡಿಸಾರ್ಡರ್’ ಎಂಬ ಗಂಭೀರ ತೊಂದರೆಗೆ ಹೋಗುವವರು ಇವರಲ್ಲಿ ಕಡಿಮೆ. ಸದಾ ಸಿಡಿಮಿಡಿಗೊಳ್ಳುವ ಮಕ್ಕಳಿಗೆ ಮುಂದೆ ಕಾಡುವ ಅಪಾಯ ಪುಂಡಾಟಕ್ಕಿಂತ ಹೆಚ್ಚಾಗಿ ಖಿನ್ನತೆ ಮತ್ತು ಆತಂಕ. ನಿಮ್ಮ ಮಗನ ಸಿಟ್ಟನ್ನು ನೋಡುವಾಗ ಇದು ನೆನಪಿರಲಿ. ಎದುರಿಗೆ ಕಾಣುವುದು ಸೊಕ್ಕು, ಆದರೆ ಒಳಗೆ ಬಹಳ ಸಲ ಸೋತ ಮಗು ಇರುತ್ತದೆ.

ಆಪೊಸಿಷನಲ್ ಡಿಫೈಯಂಟ್ ಡಿಸಾರ್ಡರ್ ಎಂಬ ಹೆಸರಿನ ಮೊದಲ ರೂಪ ಅಮೆರಿಕದ ಮನೋವೈದ್ಯರ ರೋಗಪಟ್ಟಿಯಲ್ಲಿ ಬಂದದ್ದು 1980ರಲ್ಲಿ. ಅದೇ ಪಟ್ಟಿಯ, 2013ರಲ್ಲಿ ಬಂದ ಆವೃತ್ತಿಯಾದ ಡಿಎಸ್‌ಎಂ-5ರ ಪ್ರಕಾರ ಎಂಟು ಲಕ್ಷಣಗಳಲ್ಲಿ ಕನಿಷ್ಠ ನಾಲ್ಕು ಆರು ತಿಂಗಳಿಂದಲಾದರೂ ಇರಬೇಕು. ಸಿಟ್ಟಿಗೆ ಸೇರಿದವು ಮೂರು: ಪದೇ ಪದೇ ತಾಳ್ಮೆ ಕಳೆದುಕೊಳ್ಳುವುದು, ಸಣ್ಣದಕ್ಕೂ ಕೆರಳುವುದು, ಅಸಮಾಧಾನದಲ್ಲಿ ಕುದಿಯುತ್ತಲೇ ಇರುವುದು. ಎದುರಾಟಕ್ಕೆ ಸೇರಿದವು ನಾಲ್ಕು: ದೊಡ್ಡವರ ಜೊತೆ ವಾದ, ಹೇಳಿದ್ದನ್ನು ಬೇಕೆಂದೇ ಮಾಡದಿರುವುದು, ಇತರರನ್ನು ಬೇಕೆಂದೇ ರೇಗಿಸುವುದು, ತನ್ನ ತಪ್ಪನ್ನು ಬೇರೆಯವರ ಮೇಲೆ ಹೊರಿಸುವುದು. ಎಂಟನೆಯದು ಸೇಡು, ಅದು ಆರು ತಿಂಗಳಲ್ಲಿ ಎರಡು ಸಲವಾದರೂ ಕಾಣಿಸಿಕೊಂಡಿರಬೇಕು. ಐದು ವರ್ಷ ದಾಟಿದ ಮಕ್ಕಳಲ್ಲಿ ಉಳಿದ ಲಕ್ಷಣಗಳು ವಾರಕ್ಕೊಮ್ಮೆಯಾದರೂ ಇರಬೇಕು, ಐದಕ್ಕಿಂತ ಚಿಕ್ಕವರಲ್ಲಿ ಹೆಚ್ಚುಕಡಿಮೆ ದಿನವೂ. ಅಣ್ಣ-ತಂಗಿಯರ ಜಗಳವೊಂದೇ ಇದ್ದರೆ ಅದು ಓಡಿಡಿ ಅಲ್ಲ. ಒಂದೇ ಕಡೆ, ಉದಾಹರಣೆಗೆ ಮನೆಯಲ್ಲಿ ಮಾತ್ರ, ಇದ್ದರೆ ಸೌಮ್ಯ. ಎರಡು ಕಡೆಯಾದರೆ ಮಧ್ಯಮ. ಮೂರು ಅಥವಾ ಹೆಚ್ಚು ಕಡೆಯಾದರೆ ತೀವ್ರ. ಸರಾಸರಿ ನೂರು ಮಕ್ಕಳಲ್ಲಿ ಮೂರು ಮಕ್ಕಳಿಗೆ ಇರುತ್ತದೆ ಎಂದು ಅಂದಾಜು.

ಎರಡು-ಮೂರು ವರ್ಷದ ಮಗು ನೆಲದ ಮೇಲೆ ಬಿದ್ದು ಹೊರಳಾಡುವುದು, ಹದಿಮೂರರ ಹುಡುಗಿ ‘ನಿಮಗೇನೂ ಗೊತ್ತಾಗಲ್ಲ’ ಎನ್ನುವುದು ಬೆಳವಣಿಗೆಯ ಭಾಗ. ಎಷ್ಟು ಹಠ ಮಾಡಿತು ಎನ್ನುವುದಕ್ಕಿಂತ ಹಠದಿಂದ ಏನು ಕೆಟ್ಟಿತು ಎಂದು ಕೇಳಿಕೊಳ್ಳಿ. ಓದು, ಗೆಳೆತನ, ಮನೆಯ ನೆಮ್ಮದಿ ಹಾಳಾಗಿದ್ದರೆ ತಪಾಸಣೆ ಬೇಕು. ನಿಮ್ಮ ಪತ್ರ ನೋಡಿದರೆ ಬೇಕು ಎಂದೇ ಅನಿಸುತ್ತದೆ. ಪತ್ರ ಓದಿ ರೋಗ ತೀರ್ಮಾನಿಸಲಾಗದು, ರಕ್ತ ಪರೀಕ್ಷೆಯಲ್ಲಿ ಅಥವಾ ಸ್ಕ್ಯಾನಿಂಗ್‌ನಲ್ಲಿ ಓಡಿಡಿ ಕಾಣುವುದೂ ಇಲ್ಲ.

ಈಗ ನಿಮ್ಮ ಪತ್ರದಲ್ಲಿ ನಮ್ಮ ಕಣ್ಣು ನಿಂತ ಸಾಲಿಗೆ ಬರೋಣ. ಲೆಕ್ಕ ಬಾಯಲ್ಲಿ ಹೇಳುತ್ತಾನೆ, ಬರೆಯಲು ಕೂರಿಸಿದರೆ ಪೆನ್ಸಿಲ್ ಎಸೆಯುತ್ತಾನೆ. ಇದನ್ನು ಹಠವೆಂದು ಬರೆದುಕೊಳ್ಳುವ ಮೊದಲು ಕಲಿಕೆಯ ತೊಂದರೆ ಇದೆಯೇ ಎಂದು ನೋಡಲೇಬೇಕು. ಡಿಸ್‌ಲೆಕ್ಸಿಯಾ (ಓದುವ ತೊಂದರೆ) ಅಥವಾ ಬರವಣಿಗೆಯ ತೊಂದರೆ ಇರುವ ಮಗುವಿಗೆ ಒತ್ತಕ್ಷರ, ಕಾಪಿ ರೈಟಿಂಗ್, ಬೋರ್ಡ್ ನೋಡಿ ಬರೆಯುವುದು ದಿನವೂ ಎಲ್ಲರೆದುರು ಸೋಲುವ ಕೆಲಸ. ಮೂರನೇ, ನಾಲ್ಕನೇ ಕ್ಲಾಸಿಗೆ ಬಂದಾಗ ಬರೆಯುವುದು ಹೆಚ್ಚುತ್ತದೆ, ಆಗಲೇ ಇಂಥ ಮಕ್ಕಳ ‘ಹಠ’ವೂ ಶಾಲೆಯ ಕಣ್ಣಿಗೆ ಬೀಳುತ್ತದೆ. ‘ನನಗೆ ಬರಲ್ಲ’ ಎನ್ನುವುದಕ್ಕಿಂತ ‘ನಾನು ಮಾಡಲ್ಲ’ ಎನ್ನುವುದರಲ್ಲಿ ಮಗುವಿಗೆ ಮಾನ ಉಳಿಯುತ್ತದೆ. ನಿಮ್ಮ ಮಗ ಶಾಲೆಯಲ್ಲಿ ಈ ವರ್ಷ ಕೆಟ್ಟದ್ದಕ್ಕೆ ಇದೇ ಕಾರಣವಿರಬಹುದು. ಇದನ್ನು ನೋಡದೆ ಶಿಸ್ತು, ಶಿಕ್ಷೆ ಎಂದು ಹೊರಟರೆ ಎಷ್ಟು ತಿಂಗಳು ದುಡಿದರೂ ಹೋಮ್‌ವರ್ಕ್ ಹೊತ್ತಿನ ಕದನ ನಿಲ್ಲದು.

ಇದರ ಜೊತೆಗೆ ನೋಡಬೇಕಾದದ್ದು ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆ. 1999ರಲ್ಲಿ ಪ್ರಕಟವಾದ ಅಮೆರಿಕದ ಎಂಟಿಎ ಅಧ್ಯಯನದಲ್ಲಿ ಏಳರಿಂದ ಒಂಬತ್ತರ ವಯಸ್ಸಿನ, ಎಡಿಎಚ್‌ಡಿ ಇದ್ದ 579 ಮಕ್ಕಳಿದ್ದರು. ಅವರಲ್ಲಿ ಸುಮಾರು ಶೇ 40 ಮಕ್ಕಳಿಗೆ ಓಡಿಡಿಯೂ ಇತ್ತು. ‘ಹೇಳಿದ್ದು ಕೇಳಲ್ಲ’ ಎಂಬ ದೂರಿನ ಮಗುವಿಗೆ ಎಷ್ಟೋ ಸಲ ಹೇಳಿದ್ದು ತಲೆಗೆ ಇಳಿದೇ ಇರುವುದಿಲ್ಲ. ಆತಂಕ, ಆಟಿಸಂ, ಕಿವಿ ಮಂದವಾಗಿರುವುದು, ರಕ್ತಹೀನತೆ, ನಿದ್ದೆಗೇಡು ಕೂಡ ಸಿಡುಕಿನ ವೇಷದಲ್ಲಿ ಬರುತ್ತವೆ. ಈ ವಯಸ್ಸಿಗೆ ರಾತ್ರಿ 9ರಿಂದ 12 ಗಂಟೆ ನಿದ್ದೆ ಬೇಕು. ಹನ್ನೊಂದಕ್ಕೆ ಮಲಗಿ ಆರಕ್ಕೆ ಏಳುವ ಹುಡುಗನಿಗೆ ಏಳೇ ಗಂಟೆ ನಿದ್ದೆ. ಅಂಥವನು ಬೆಳಗ್ಗೆ ಬೂಟು ಹಾಕಿಕೊಳ್ಳಲು ರಂಪ ಮಾಡಿದರೆ ಮೊದಲು ಮಲಗುವ ಹೊತ್ತನ್ನು ಸರಿಮಾಡಿ.

‘ಕಾಯಿಲೆಯೋ, ಬೆಳೆಸಿದ ರೀತಿಯೋ’ ಎಂದು ಕೇಳಿದ್ದೀರಿ. ಕೆಲವು ಮಕ್ಕಳು ಹುಟ್ಟಿನಿಂದಲೇ ಬೇಗ ಕೆರಳುವವರು, ಕೆರಳಿದ ಮೇಲೆ ಇಳಿಯಲು ಹೊತ್ತು ಹಿಡಿಯುವವರು. ಇದು ನಿಮ್ಮ ತಪ್ಪಲ್ಲ. ಆದರೆ ಅಂಥ ಮಗುವಿನ ಜೊತೆ ಮನೆಯವರೆಲ್ಲ ಒಂದು ಸುಳಿಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಅಮೆರಿಕದ ಆರೆಗನ್‌ನಲ್ಲಿ ಜೆರಾಲ್ಡ್ ಪ್ಯಾಟರ್‌ಸನ್ ಎಂಬ ಮನಶ್ಶಾಸ್ತ್ರಜ್ಞರು ವರ್ಷಗಟ್ಟಲೆ ಮನೆಗಳಿಗೇ ಹೋಗಿ ನೋಡಿ ಇದನ್ನು ಬಿಡಿಸಿ ಹೇಳಿದರು. ನಿಮ್ಮ ಮನೆಯಲ್ಲಿ ಅದು ಹೀಗೆ ನಡೆಯುತ್ತಿರಬಹುದು. ನೀವು ‘ಟಿವಿ ಆಫ್ ಮಾಡಿ ಬರಿ’ ಎನ್ನುತ್ತೀರಿ. ಅವನು ಕೇಳುವುದಿಲ್ಲ. ನೀವು ದನಿ ಏರಿಸುತ್ತೀರಿ, ಅವನು ಕಿರುಚುತ್ತಾನೆ. ನೀವು ‘ಏನಾದ್ರೂ ಮಾಡ್ಕೊಂಡು ಸಾಯಿ’ ಎಂದು ಒಳಗೆ ಹೋಗುತ್ತೀರಿ. ಕಿರುಚಿದರೆ ಬರೆಯುವುದು ತಪ್ಪುತ್ತದೆ ಎಂದು ಅವನು ಕಲಿತ. ಇನ್ನೊಂದು ದಿನ ಅಪ್ಪ ಬಂದು ಬಾರಿಸುತ್ತಾರೆ, ಮನೆ ತಣ್ಣಗಾಗುತ್ತದೆ. ಬಾರಿಸಿದರೆ ಕೆಲಸವಾಗುತ್ತದೆ ಎಂದು ಅಪ್ಪ ಕಲಿತರು. ಜೋರು ಮಾಡಿದವರು ಗೆಲ್ಲುತ್ತಾರೆ ಎಂದು ಎಲ್ಲರೂ ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತಿದ್ದೀರಿ. ಬಿಡಿಸಬೇಕಾದದ್ದು ಈ ಗಂಟನ್ನು. ಓಡಿಡಿಗೆ ಹೆಚ್ಚು ಪುರಾವೆ ಇರುವ ಚಿಕಿತ್ಸೆಯೂ ತಂದೆ-ತಾಯಿಗೆ ಕೊಡುವ ತರಬೇತಿಯೇ. ತಪ್ಪು ಅವರದು ಎಂದು ಅದರ ಅರ್ಥವಲ್ಲ. ಮಗುವಿನ ಜೊತೆ ದಿನವಿಡೀ ಇರುವವರು ಅವರು, ಗಂಟು ಬಿಚ್ಚುವ ಅವಕಾಶ ಇರುವುದೂ ಅವರ ಕೈಯಲ್ಲೇ.

ಮನೆಯಲ್ಲಿ ಮಾಡಬೇಕಾದ ಕೆಲಸಕ್ಕೆ ಒಂದು ಕ್ರಮವಿದೆ, ಅದನ್ನು ತಲೆಕೆಳಗು ಮಾಡಬೇಡಿ. ಎಲ್ಲರೂ ಶಿಕ್ಷೆಯಿಂದ ಶುರು ಮಾಡುತ್ತಾರೆ, ಎರಡೇ ವಾರದಲ್ಲಿ ಸೋಲುತ್ತಾರೆ.

ಮೊದಲ ವಾರ ಏನನ್ನೂ ಬದಲಿಸಬೇಡಿ, ಬರೆದಿಡಿ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ: ಜಗಳಕ್ಕೆ ಮುಂಚೆ ಏನಾಯಿತು, ಅವನು ಏನು ಮಾಡಿದ, ಆಮೇಲೆ ಅವನಿಗೆ ಏನು ಸಿಕ್ಕಿತು ಅಥವಾ ಏನು ತಪ್ಪಿತು. ಮೂರನೇ ಕಾಲಂ ಬಿಡಬೇಡಿ, ಗುಟ್ಟು ಇರುವುದು ಅಲ್ಲೇ. ಒಂದು ಸಂಜೆ ಒಂದು ಗಂಟೆ ಹೊತ್ತು ಅವನಿಗೆ ಎಷ್ಟು ಅಪ್ಪಣೆ ಕೊಟ್ಟಿರಿ ಎಂದೂ ಗೀಟು ಹಾಕುತ್ತ ಹೋಗಿ. ‘ಕೂತ್ಕೋ, ಅದನ್ನ ಮುಟ್ಟಬೇಡ, ನೆಟ್ಟಗೆ ತಿನ್ನು’ ಎಲ್ಲವೂ ಲೆಕ್ಕಕ್ಕೆ. ಗೀಟುಗಳ ಸಾಲು ನೋಡಿದರೆ ಅವುಗಳಲ್ಲಿ ಅರ್ಧದಷ್ಟು ಬೇಕಿರಲಿಲ್ಲ ಎಂದು ನಿಮಗೇ ಅನಿಸುತ್ತದೆ. ಅವನ್ನು ಬಿಟ್ಟುಬಿಡಿ.

ಎರಡನೇ ವಾರದಿಂದ ದಿನಕ್ಕೆ ಹತ್ತು ನಿಮಿಷ ಅವನ ಜೊತೆ ಕೂರಿ. ಅಮೆರಿಕದ ಮನಶ್ಶಾಸ್ತ್ರಜ್ಞೆ ಶೀಲಾ ಐಬರ್ಗ್ ರೂಪಿಸಿದ, ತಂದೆ-ತಾಯಿ ಮತ್ತು ಮಗು ಜೊತೆಗೂಡಿ ಮಾಡುವ ಪಿಸಿಐಟಿ ಎಂಬ ಚಿಕಿತ್ಸೆ ಎರಡರಿಂದ ಏಳು ವರ್ಷದವರಿಗೆ. ಅಲ್ಲಿ ದಿನಕ್ಕೆ ಐದೇ ನಿಮಿಷದ ಆಟ. ಒಂಬತ್ತರ ಹುಡುಗನಿಗೆ ಹತ್ತು ನಿಮಿಷ ಸರಿಯಾಗುತ್ತದೆ. ಏನು ಮಾಡಬೇಕೆಂದು ಅವನೇ ಹೇಳಲಿ: ಚಿತ್ರ, ಬ್ಲಾಕ್ಸ್, ಸೈಕಲ್ ಒರೆಸುವುದು, ಚಪಾತಿ ಲಟ್ಟಿಸುವುದು. ಸೋಲು-ಗೆಲುವಿನ ಆಟ ಬೇಡ, ಫೋನ್ ಇಬ್ಬರ ಕೈಯಲ್ಲೂ ಬೇಡ. ಈ ಹತ್ತು ನಿಮಿಷ ನೀವು ಪ್ರಶ್ನೆ ಕೇಳುವಂತಿಲ್ಲ, ಅಪ್ಪಣೆ ಕೊಡುವಂತಿಲ್ಲ, ತಿದ್ದುವಂತಿಲ್ಲ, ಪಾಠ ಹೇಳುವಂತಿಲ್ಲ. ಅವನು ಮಾಡುತ್ತಿರುವುದನ್ನು ಮಾತಲ್ಲಿ ಹೇಳುತ್ತ ಹೋಗಿ: ‘ಲಾರಿಗೆ ಹಸಿರು ಬಣ್ಣ ಹಾಕ್ತಿದೀಯ.’ ಅವನ ಮಾತನ್ನು ತಿರುಗಿ ಹೇಳಿ. ಒಳ್ಳೆಯದನ್ನು ಹೆಸರಿಟ್ಟು ಮೆಚ್ಚಿ: ‘ಗೆರೆ ತಪ್ಪಿದರೂ ಸಿಟ್ಟಾಗದೆ ಮತ್ತೆ ಹಾಕಿದೆಯಲ್ಲ, ಚೆನ್ನಾಗಿತ್ತು.’ ಕೇಳಲು ಸುಲಭ, ಮಾಡಲು ಕಷ್ಟ. ಮೊದಲ ದಿನಗಳಲ್ಲಿ ‘ಇದೇನು? ಯಾಕೆ ಹೀಗೆ ಮಾಡಿದೆ?’ ಎಂಬ ಪ್ರಶ್ನೆಗಳು ತಾವಾಗಿಯೇ ಬಾಯಿಗೆ ಬರುತ್ತವೆ. ಪಿಸಿಐಟಿಯಲ್ಲಿ ತಂದೆ-ತಾಯಿ ಮುಟ್ಟಬೇಕಾದ ಗುರಿ ಐದು ನಿಮಿಷದಲ್ಲಿ ಹತ್ತು ಮೆಚ್ಚುಗೆ, ಹತ್ತು ವಿವರಣೆ, ಮಗುವಿನ ಹತ್ತು ಮಾತನ್ನು ತಿರುಗಿ ಹೇಳುವುದು. ಪ್ರಶ್ನೆ, ಅಪ್ಪಣೆ, ಟೀಕೆ ಎಲ್ಲ ಸೇರಿ ಮೂರು ಮೀರಬಾರದು. ಅವನು ಅವತ್ತು ಎಷ್ಟೇ ರಂಪ ಮಾಡಿರಲಿ, ಈ ಹತ್ತು ನಿಮಿಷವನ್ನು ಶಿಕ್ಷೆಯಾಗಿ ಕಿತ್ತುಕೊಳ್ಳಬೇಡಿ. ಇಲ್ಲಿ ಎಡವುವವರೇ ಹೆಚ್ಚು.

ಹೊಗಳಿದರೆ ತಲೆ ಮೇಲೆ ಕೂರುತ್ತಾನೆ, ದೃಷ್ಟಿ ತಾಗುತ್ತದೆ ಎಂಬ ಮಾತು ನಮ್ಮ ಮನೆಗಳಲ್ಲಿ ಬಹಳ. ‘ನೀನು ಜಾಣ, ಬಂಗಾರ’ ಎನ್ನುವುದರಿಂದ ನಿಜಕ್ಕೂ ಹೆಚ್ಚೇನೂ ಆಗದು. ‘ಒಂದೇ ಸಲಕ್ಕೆ ಎದ್ದು ಬಂದೆ’ ಎನ್ನುವುದರಿಂದ ಆಗುತ್ತದೆ. ಯಾವುದನ್ನು ಮತ್ತೆ ಮಾಡಬೇಕೆಂದು ಅದು ಮಗುವಿಗೆ ಹೇಳುತ್ತದೆ. ಕೆಲಸ ಮುಗಿದ ಕೆಲವೇ ಕ್ಷಣಗಳಲ್ಲಿ ಹೇಳಿ, ಹಿಂದೆಯೇ ‘ದಿನಾ ಹೀಗಿದ್ದರೆ ಏನಾಗುತ್ತೆ ನಿಂಗೆ?’ ಎಂಬ ಬಾಲ ಸೇರಿಸಬೇಡಿ. ಆ ಬಾಲ ಮೆಚ್ಚುಗೆಯನ್ನು ಬೈಗುಳವಾಗಿಸುತ್ತದೆ.

ಎರಡು ವಾರ ಹೀಗೆ ನಡೆದ ಮೇಲೆ ಅಪ್ಪಣೆ ಕೊಡುವ ರೀತಿಗೆ ಬನ್ನಿ. ಅಡುಗೆಮನೆಯಿಂದ ಕೂಗಬೇಡಿ. ಅವನ ಹತ್ತಿರ, ಕೈಯಳತೆಯಲ್ಲಿ ನಿಂತು, ಹೆಸರು ಹೇಳಿ, ಕಣ್ಣು ಕೂಡಿದ ಮೇಲೆ ಹೇಳಿ. ಒಂದು ಸಲಕ್ಕೆ ಒಂದೇ ಕೆಲಸ. ‘ಸ್ನಾನ ಮಾಡ್ತೀಯಾ ಕಂದಾ?’ ಎಂದು ಕೇಳಿದರೆ ‘ಇಲ್ಲ’ ಎನ್ನುವ ಹಕ್ಕನ್ನು ನೀವೇ ಕೊಟ್ಟಂತೆ. ‘ಸರಿಯಾಗಿರು’ ಎಂದರೆ ಏನು ಮಾಡಬೇಕೆಂದು ಯಾರಿಗೂ ತಿಳಿಯದು. ‘ಎಷ್ಟು ಸಲ ಹೇಳ್ಬೇಕು ನಿಂಗೆ?’ ಎನ್ನುವುದಂತೂ ಜಗಳಕ್ಕೆ ಕರೆದಂತೆ. ‘ಟವೆಲ್ ತಗೊಂಡು ಬಚ್ಚಲಿಗೆ ಹೋಗು’ ಎಂದು ಸಮಾಧಾನದ ದನಿಯಲ್ಲಿ ಹೇಳಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತ ಸುಮ್ಮನೆ ನಿಲ್ಲಿ. ಈ ಹತ್ತು ಸೆಕೆಂಡಿನ ಮೌನವನ್ನು ತಾಳಲಾರದೆ ನಾವೇ ಮತ್ತೆ ಮಾತಾಡಿ ಕೆಡಿಸುತ್ತೇವೆ. ಹೋದರೆ ತಕ್ಷಣ ಮೆಚ್ಚಿ. ಹೋಗದಿದ್ದರೆ ಒಂದೇ ಒಂದು ಎಚ್ಚರಿಕೆ: ‘ಈಗ ಹೋಗದಿದ್ದರೆ ಇವತ್ತು ಕಾರ್ಟೂನ್ ಇಲ್ಲ.’ ಮತ್ತೆ ಹತ್ತು ಸೆಕೆಂಡು. ಆಮೇಲೂ ಹೋಗದಿದ್ದರೆ ಹೇಳಿದ್ದನ್ನು ಮಾಡಿ, ಭಾಷಣ ಬೇಡ. ಬೆನ್ನು ತಿರುಗಿಸಿ ಗೊಣಗುತ್ತ ಹೋದರೂ ಹೋದನಲ್ಲ, ಗೊಣಗಾಟವನ್ನು ಕಿವಿಗೆ ಹಾಕಿಕೊಳ್ಳಬೇಡಿ. ಗೊಣಗುವುದು, ಮುಖ ತಿರುಗಿಸುವುದು, ಕಾಲು ಅಪ್ಪಳಿಸುವುದು ಕಂಡೂ ಕಾಣದಂತೆ ಇರಬಹುದಾದವು. ಹೊಡೆಯುವುದು, ವಸ್ತು ಒಡೆಯುವುದು, ತಂಗಿಗೆ ನೋವು ಮಾಡುವುದು ಹಾಗಲ್ಲ. ಅವಕ್ಕೆ ಪ್ರತಿ ಸಲವೂ ಪರಿಣಾಮ ಇರಬೇಕು.

ಪರಿಣಾಮ ಚಿಕ್ಕದಾಗಿ, ಬೇಗ ಮುಗಿಯುವಂತಿರಲಿ. ‘ಒಂದು ತಿಂಗಳು ಫೋನ್ ಇಲ್ಲ’ ಎಂದರೆ ಮೂರನೇ ದಿನ ನೀವೇ ಕೊಡುತ್ತೀರಿ, ಇಲ್ಲವೇ ಕಳೆದುಕೊಳ್ಳಲು ಇನ್ನೇನೂ ಇಲ್ಲದ ಹುಡುಗ ಯಾವುದಕ್ಕೂ ಬಗ್ಗುವುದಿಲ್ಲ. ಅವತ್ತಿನ ಸಂಜೆಯ ಮಟ್ಟಿಗೆ ಸಾಕು, ಬೆಳಗಾದರೆ ಹೊಸ ಲೆಕ್ಕ. ಹೊಡೆದಾಗ ಒಂದು ಕಡೆ ಸುಮ್ಮನೆ ಕೂರಿಸುವುದಾದರೆ ಐದು ನಿಮಿಷ ಮೀರಬಾರದು. ಕತ್ತಲೆ ಕೋಣೆ, ಬಚ್ಚಲು, ಮನೆಯಿಂದ ಹೊರಗೆ ಹಾಕುವುದು ಎಂದಿಗೂ ಕೂಡದು. ಕೂರಲು ಒಪ್ಪದ ಒಂಬತ್ತರ ಹುಡುಗನನ್ನು ಎಳೆದಾಡಬೇಡಿ, ಅದರ ಬದಲು ಕಾರ್ಟೂನ್ ಹೊತ್ತು ಕಳೆಯಿರಿ.

ಅಂಕಗಳ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿ. ಮೂರೇ ಕೆಲಸ ಬರೆಯಿರಿ. ಬಂದ ತಕ್ಷಣ ಬ್ಯಾಗ್ ಜಾಗದಲ್ಲಿಡುವುದಕ್ಕೆ 1 ಅಂಕ, ಮೊದಲ ಮಾತಿಗೇ ಸ್ನಾನಕ್ಕೆ ಹೋಗುವುದಕ್ಕೆ 2, ಹದಿನೈದು ನಿಮಿಷ ಹೋಮ್‌ವರ್ಕಿಗೆ ಕೂರುವುದಕ್ಕೆ 2. ದಿನಕ್ಕೆ 5ರಲ್ಲಿ 3 ಬಂದರೆ ಇಪ್ಪತ್ತು ನಿಮಿಷ ಕಾರ್ಟೂನ್. ವಾರಕ್ಕೆ 35ರಲ್ಲಿ 18 ಬಂದರೆ ಭಾನುವಾರ ಅವನಿಗೆ ಇಷ್ಟವಾದದ್ದು, ಮಸಾಲೆ ದೋಸೆಯೋ ಕೆರೆ ಏರಿ ಮೇಲೆ ಸೈಕಲ್ಲೋ. ಮೊದಲ ವಾರದಲ್ಲೇ ಗೆಲ್ಲುವಂತೆ ಪಟ್ಟಿ ಸುಲಭವಾಗಿರಬೇಕು. ಗೆಲ್ಲದ ಮಗು ಪಟ್ಟಿಯನ್ನೇ ಹರಿಯುತ್ತದೆ. ಒಮ್ಮೆ ಕೊಟ್ಟ ಅಂಕವನ್ನು ಸಿಟ್ಟಿನಲ್ಲಿ ವಾಪಸ್ ತೆಗೆಯಬೇಡಿ. ‘ಪರೀಕ್ಷೆಲಿ ಫಸ್ಟ್ ಬಂದರೆ ಸೈಕಲ್’ ಎಂಬ ದೂರದ ಬಹುಮಾನ ಇಂಥ ಮಕ್ಕಳಿಗೆ ಕೆಲಸ ಮಾಡುವುದಿಲ್ಲ. ಹೋಮ್‌ವರ್ಕ್ ವಿಷಯದಲ್ಲಿ, ಕಲಿಕೆಯ ತಪಾಸಣೆ ಆಗುವವರೆಗೆ ಅವನು ಬಾಯಲ್ಲಿ ಹೇಳಲಿ, ಅರ್ಧ ನೀವು ಬರೆಯಿರಿ. ಅಂಕ ಕೂತದ್ದಕ್ಕೆ, ಅಕ್ಷರ ದುಂಡಗಿದ್ದದ್ದಕ್ಕಲ್ಲ.

ಒಂದು ಎಚ್ಚರಿಕೆಯನ್ನು ಮೊದಲೇ ಕೊಡಬೇಕು. ಹೊಸ ಕ್ರಮ ಶುರುವಾದಾಗ ಹಠ ಕಡಿಮೆಯಾಗುವ ಮೊದಲು ಕೆಲವು ದಿನ ಜೋರಾಗುತ್ತದೆ. ಆರುವ ದೀಪ ಭಗ್ಗೆಂದು ಉರಿಯುವ ಹಾಗೆ. ಇಷ್ಟು ದಿನ ಕೆಲಸ ಮಾಡುತ್ತಿದ್ದ ಕಿರುಚಾಟ ಈಗ ಯಾಕೆ ಕೆಲಸ ಮಾಡುತ್ತಿಲ್ಲ ಎಂದು ಅವನು ಇನ್ನಷ್ಟು ಜೋರಾಗಿ ಪರೀಕ್ಷಿಸುತ್ತಾನೆ. ‘ಇದೆಲ್ಲ ನಮ್ಮ ಹುಡುಗನಿಗೆ ಆಗಲ್ಲ’ ಎಂದು ಹೆಚ್ಚಿನವರು ಕೈಬಿಡುವುದು ಇದೇ ದಿನಗಳಲ್ಲಿ. ಅಲ್ಲಿ ಸೋತರೆ, ಇಷ್ಟು ಜೋರು ಮಾಡಿದರೆ ಗೆಲ್ಲಬಹುದು ಎಂಬ ಹೊಸ ಅಳತೆ ಅವನಿಗೆ ಸಿಕ್ಕಂತೆ.

ಅತ್ತೆಯವರು ಕೊಡುವ ಫೋನ್ ತೊಂದರೆಯಾಗುವುದೂ ಇಲ್ಲೇ. ಐದು ಸಲದಲ್ಲಿ ನಾಲ್ಕು ಸಲ ಬೇಡವೆಂದು ಐದನೇ ಸಲ ಕೊಟ್ಟರೆ ಹಠ ಇನ್ನೂ ಗಟ್ಟಿಯಾಗುತ್ತದೆ. ಯಾವಾಗಲೋ ಒಮ್ಮೆ ಸಿಗುವುದಕ್ಕಾಗಿ ಮನುಷ್ಯ ಬಹಳ ಹೊತ್ತು ಕಾಯುತ್ತಾನೆ, ಲಾಟರಿ ಕೊಳ್ಳುವವರ ಹಾಗೆ. ಆದರೆ ಅತ್ತೆಯವರನ್ನು ತಪ್ಪಿತಸ್ಥರ ಜಾಗದಲ್ಲಿ ನಿಲ್ಲಿಸಬೇಡಿ. ದಿನವಿಡೀ ಆ ಕಿರುಚಾಟದ ನಡುವೆ ಕೂರುವವರು ಅವರು. ಬಹುಮಾನ ಕೊಡುವ ಅಧಿಕಾರವನ್ನೇ ಅವರಿಗೆ ಒಪ್ಪಿಸಿ. ಸಂಜೆ ಅಂಕ ಎಣಿಸುವವರು, ‘ಮೂರು ಬಂದಿದೆ, ತಗೋ’ ಎಂದು ಕಾರ್ಟೂನ್ ಹಾಕಿಕೊಡುವವರು ಅಜ್ಜಿಯೇ ಆಗಲಿ. ಅಜ್ಜಿ ಕೊಡುವುದು ನಿಲ್ಲುವುದಿಲ್ಲ, ಕೊಡುವ ಕಾರಣ ಮಾತ್ರ ಬದಲಾಗುತ್ತದೆ. ಫೋನ್‌ಗೆ ಲಾಕ್ ನಂಬರ್ ಹಾಕಿ, ಅದು ಅವನಿಗೆ ತಿಳಿಯದಂತೆ ನೋಡಿಕೊಳ್ಳಿ.

ಇನ್ನು ಹೊಡೆತ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದು ಹೇಳಿ ಹೊಡೆಯುವವರಿದ್ದಾರೆ. ಗಿಡ ಬಗ್ಗಿಸಲು ಬೇಕಾದದ್ದು ದಿನದಿನದ ಕೈ; ಸಿಟ್ಟಿನಲ್ಲಿ ಎಳೆದರೆ ಅದು ಮುರಿಯುತ್ತದೆ. ಹೊಡೆದರೆ ಒಂದು ದಿನ ಸುಮ್ಮನಿರುತ್ತಾನೆ ಎಂದು ನೀವೇ ಬರೆದಿದ್ದೀರಿ. ಎರಡನೇ ದಿನ ಅದೇ ಹಠ, ಜೊತೆಗೆ ಹೊಟ್ಟೆಯಲ್ಲಿಟ್ಟುಕೊಂಡ ಸಿಟ್ಟು, ಅದು ತೀರುವುದು ತಂಗಿಯ ಮೇಲೆ. ಹೊಡೆತ ತಿನ್ನುವ ಮಕ್ಕಳಲ್ಲಿ ಎದುರಾಟ ಕಾಲಾಂತರದಲ್ಲಿ ಹೆಚ್ಚುತ್ತದೆ ಎಂಬುದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. ನಿಮ್ಮ ಯಜಮಾನರಿಗೆ ‘ಹೊಡೀಬೇಡಿ’ ಎಂದಷ್ಟೇ ಹೇಳಿದರೆ ಕೈ ಕಟ್ಟಿಹಾಕಿದಂತಾಗುತ್ತದೆ. ದಿನದ ಹತ್ತು ನಿಮಿಷದ ಆಟವನ್ನು ವಾರದಲ್ಲಿ ಮೂರು ದಿನ ಅವರಿಗೆ ಬಿಡಿ. ಸಿಟ್ಟು ನೆತ್ತಿಗೇರಿದಾಗ ಹೊರಗೆ ಹೋಗಿ ಐದು ನಿಮಿಷ ಬಿಟ್ಟು ಬರಲು ಇಬ್ಬರೂ ಒಪ್ಪಿಕೊಳ್ಳಿ. ಶಾಲೆಯಲ್ಲಿ ಹೊಡೆದರೆ ಅದು ಕಾನೂನಿಗೇ ವಿರುದ್ಧ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಕ್ಲಾಸ್ ಟೀಚರ್ ಜೊತೆ ಮಾತಾಡುವಾಗ ದೂರು ಕೇಳಲು ಹೋಗಬೇಡಿ, ಮೂರು ವಿನಂತಿ ಇಟ್ಟುಕೊಂಡು ಹೋಗಿ. ಎಲ್ಲರೆದುರು ಗಟ್ಟಿಯಾಗಿ ಓದಿಸುವುದು, ಬೋರ್ಡಿಗೆ ಕರೆಯುವುದು ಸದ್ಯಕ್ಕೆ ಬೇಡ. ತಿದ್ದುವ ಮಾತನ್ನು ಅವನ ಡೆಸ್ಕಿನ ಹತ್ತಿರ ಬಂದು ಮೆಲ್ಲಗೆ ಹೇಳಲಿ. ಇಡೀ ಕ್ಲಾಸು ನೋಡುವಾಗ ಸೋಲಲು ಯಾವ ಹುಡುಗನೂ ಒಪ್ಪನು. ಮೂರನೆಯದು ದಿನದ ಚೀಟಿ: ‘ಜಾಗದಲ್ಲಿ ಕೂತ’, ‘ಹೇಳಿದ ಕೆಲಸ ಶುರು ಮಾಡಿದ’, ‘ಯಾರನ್ನೂ ಹೊಡೆಯಲಿಲ್ಲ’ ಎಂಬ ಮೂರು ಸಾಲಿಗೆ ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಟಿಕ್. ಆ ಟಿಕ್‌ಗಳಿಗೂ ಮನೆಯಲ್ಲಿ ಅಂಕವಿರಲಿ. ಡೈರಿಯಲ್ಲಿ ದೂರು ಮಾತ್ರ ಬರುತ್ತಿದ್ದರೆ ಮಗು ಡೈರಿಯನ್ನೇ ಕಳೆದುಬಿಡುತ್ತದೆ.

ಹದಿನೈದರ ಭಯಕ್ಕೆ ಬರೋಣ. ಈಗ ಶುರು ಮಾಡಿದರೆ ನಿಮ್ಮ ಕೈಯಲ್ಲಿ ಆರು ವರ್ಷ ಇದೆ. ಆದರೆ ಈಗಾಗಲೇ ಹದಿಹರೆಯದ ಮಕ್ಕಳಿರುವ ಓದುಗರಿಗೆ ಬೇರೆ ಮಾತು ಹೇಳಬೇಕು. ಓಡಿಡಿ ಸಾಮಾನ್ಯವಾಗಿ ಶಾಲೆಗೆ ಸೇರುವ ಮುಂಚೆಯೇ ಸುಳಿವು ಕೊಡುತ್ತದೆ. ಹದಿಹರೆಯದ ಆರಂಭ ದಾಟಿದ ಮೇಲೆ ಮೊದಲ ಬಾರಿಗೆ ಕಾಣಿಸಿಕೊಳ್ಳುವುದು ಅಪರೂಪ. ಹದಿಮೂರರವರೆಗೆ ಸರಿಯಾಗಿದ್ದ ಹುಡುಗಿ ಹದಿನಾಲ್ಕಕ್ಕೆ ಇದ್ದಕ್ಕಿದ್ದಂತೆ ಎಲ್ಲದಕ್ಕೂ ಉರಿದುಬೀಳತೊಡಗಿದರೆ ಓಡಿಡಿ ಎಂದುಕೊಳ್ಳಬೇಡಿ. ಖಿನ್ನತೆ, ಶಾಲೆಯಲ್ಲಿ ಕಿರುಕುಳ, ಆನ್‌ಲೈನ್ ಬೆದರಿಕೆ, ಲೈಂಗಿಕ ದೌರ್ಜನ್ಯ, ಗಾಂಜಾ ಇತ್ಯಾದಿ ಚಟ, ಇವನ್ನು ಮೊದಲು ಯೋಚಿಸಬೇಕು. ಹರೆಯದವರಲ್ಲಿ ಖಿನ್ನತೆ ಅಳುವಿನ ರೂಪದಲ್ಲೇ ಬರಬೇಕೆಂದಿಲ್ಲ, ಸಿಡುಕಿನ ರೂಪದಲ್ಲೂ ಬರುತ್ತದೆ.

ಆ ವಯಸ್ಸಿನಲ್ಲಿ ಅಂಕಪಟ್ಟಿ, ಕೂರಿಸುವುದು ನಡೆಯುವುದಿಲ್ಲ. ಬಗ್ಗದ ನಿಯಮಗಳನ್ನು ನಾಲ್ಕೈದಕ್ಕೆ ಇಳಿಸಿ: ಕೈ ಎತ್ತುವಂತಿಲ್ಲ, ರಾತ್ರಿ ಎಲ್ಲಿದ್ದೀಯ ಎಂದು ತಿಳಿಸಬೇಕು, ಲೈಸೆನ್ಸ್ ಇಲ್ಲದೆ ಬೈಕ್ ಇಲ್ಲ, ಇಂಥವು. ಕೂದಲು, ಬಟ್ಟೆ, ರೂಮಿನ ಗಲೀಜು ಅವರಿಗೇ ಬಿಡಿ. ಉಳಿದವನ್ನು ಮಾತಾಡಿ ತೀರ್ಮಾನಿಸಿ, ಆದರೆ ಜಗಳದ ಬಿಸಿಯಲ್ಲಿ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಸ್ ಗ್ರೀನ್ ಹೇಳುವ ಕ್ರಮ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೊದಲು ಮಗನ ಕಷ್ಟ ಕೇಳಿ: ‘ಟ್ಯೂಷನ್‌ಗೆ ಹೋಗೋದು ಅಂದರೆ ಸಾಕಾಗುತ್ತೆ ಅನ್ಸುತ್ತೆ, ಏನಾಗ್ತಿದೆ?’ ನಡುವೆ ಬಾಯಿ ಹಾಕಬೇಡಿ. ಆಮೇಲೆ ನಿಮ್ಮ ಚಿಂತೆಯನ್ನು ಒಂದು ವಾಕ್ಯದಲ್ಲಿ ಹೇಳಿ. ಮೂರನೆಯದಾಗಿ, ಇಬ್ಬರಿಗೂ ಒಪ್ಪುವಂಥದ್ದು ಏನಿದೆ ಎಂದು ಅವನಿಂದಲೇ ಮೊದಲ ಸಲಹೆ ಕೇಳಿ. ಒಪ್ಪಿದ್ದನ್ನು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ಎರಡು ವಾರ ಬಿಟ್ಟು ಮತ್ತೆ ನೋಡಿ. ಮುಖ ನೋಡಿ ಕೂತರೆ ಹರೆಯದವರ ಮಾತು ನಿಲ್ಲುತ್ತದೆ. ಬೈಕಿನ ಹಿಂದೆ ಕೂತು ಹೋಗುವಾಗ, ಹೊಲದಲ್ಲಿ ನಡೆಯುವಾಗ ಮಾತು ಬರುತ್ತದೆ.

ಮಾತ್ರೆಯ ಬಗ್ಗೆ. ಓಡಿಡಿಗೆಂದೇ ಇರುವ ಔಷಧಿ ಇಲ್ಲ. ಜೊತೆಗೆ ಎಡಿಎಚ್‌ಡಿ ಇದ್ದರೆ ಅದಕ್ಕೆ ಕೊಡುವ ಮಿಥೈಲ್‌ಫೆನಿಡೇಟ್, ಆಟಮಾಕ್ಸೆಟಿನ್‌ನಂಥ ಔಷಧಿಗಳಿಂದ ಎದುರಾಟವೂ ಬಹಳ ಮಕ್ಕಳಲ್ಲಿ ಇಳಿಯುತ್ತದೆ. ರಿಸ್ಪೆರಿಡೋನ್ ಎಂಬುದನ್ನು ವಿಪರೀತ ಹಿಂಸೆಯಿದ್ದು, ಬೇರೆಲ್ಲ ಮಾಡಿಯೂ ಆಗದಿದ್ದಾಗ, ಮಕ್ಕಳ ಮನೋವೈದ್ಯರು ಸ್ವಲ್ಪ ಕಾಲ ಕೊಡಬಹುದು. ಅದರಿಂದ ತೂಕ ಏರುತ್ತದೆ, ಮಂಪರು ಬರುತ್ತದೆ. ಆರಂಭದಲ್ಲೇ ತೂಕ, ಸಕ್ಕರೆ, ಕೊಲೆಸ್ಟರಾಲ್ ನೋಡಿ, ಆಮೇಲೂ ನೋಡುತ್ತಿರಬೇಕು. ಮಗು ಸುಮ್ಮನಿರಲಿ ಎಂದು ಅಂಗಡಿಯಿಂದ ನಿದ್ದೆಯ ಸಿರಪ್ ತರುವುದು ಖಂಡಿತ ತಪ್ಪು.

ಅರಸೀಕೆರೆಯಿಂದ ನೀವು ಮೊದಲು ಹಾಸನದ ಸರ್ಕಾರಿ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಬಹುದು. ಕಲಿಕೆ, ಮಾತು, ಕಿವಿಯ ತಪಾಸಣೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಪೂರ್ತಿ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಕಲಿಕೆಯ ತೊಂದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸೇರಿದೆ. ಪ್ರಮಾಣಪತ್ರ ಸಿಕ್ಕರೆ ಮುಂದೆ ಪರೀಕ್ಷೆಗಳಲ್ಲಿ ರಿಯಾಯಿತಿ ಕೇಳಬಹುದು. ತಪಾಸಣೆ ಒಂದೇ ದಿನಕ್ಕೆ ಮುಗಿಯುವುದಿಲ್ಲ. ನಿಮ್ಮನ್ನು ಬೇರೆ, ಅವನನ್ನು ಬೇರೆ ಮಾತಾಡಿಸುತ್ತಾರೆ, ಟೀಚರಿಂದ ಪ್ರಶ್ನಾವಳಿ ತುಂಬಿಸಿ ತರಲು ಹೇಳುತ್ತಾರೆ. ಐದು ನಿಮಿಷ ನೋಡಿ ಹಣೆಪಟ್ಟಿ ಹಚ್ಚಿದರೆ ಎರಡನೇ ಅಭಿಪ್ರಾಯ ಪಡೆಯಿರಿ. ಹೋಗುವಾಗ ಮೂರು ಕಾಲಂನ ನೋಟ್‌ಬುಕ್, ಈ ವರ್ಷದ ಮತ್ತು ಎರಡನೇ ಕ್ಲಾಸಿನ ಬರವಣಿಗೆಯ ಪುಸ್ತಕ, ಮಾರ್ಕ್ಸ್ ಕಾರ್ಡು ತೆಗೆದುಕೊಂಡು ಹೋಗಿ.

ಮಗು ಸಾಯುವ ಮಾತಾಡಿದರೆ, ಕೈ ಕೊಯ್ದುಕೊಂಡರೆ, ಚಾಕು ಹಿಡಿದರೆ, ಪ್ರಾಣಿಗಳಿಗೆ ಹಿಂಸೆ ಕೊಟ್ಟರೆ, ಬೆಂಕಿ ಹಚ್ಚಿದರೆ, ಮನೆ ಬಿಟ್ಟು ಹೋದರೆ ವಾರಗಳ ಯೋಜನೆಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಡಾಕ್ಟರ್ ಹತ್ತಿರ ಹೋಗುವ ವಿಷಯವನ್ನು ಅವನಿಗೆ ಬೈಯುವಾಗ ಹೇಳಬೇಡಿ. ‘ನಿನ್ನ ತಲೆ ಸರಿಯಿಲ್ಲ, ತೋರಿಸ್ತೀನಿ ಇರು’ ಎಂದರೆ ಅಲ್ಲಿ ಅವನು ಬಾಯೇ ಬಿಡುವುದಿಲ್ಲ. ಆಟದ ಹತ್ತು ನಿಮಿಷ ಮುಗಿದ ಮೇಲೆ, ಮನೆ ತಣ್ಣಗಿದ್ದಾಗ ಹೇಳಿ: ‘ನಮ್ಮನೇಲಿ ಜಗಳ ಜಾಸ್ತಿ ಆಗಿದೆ, ನಂಗೂ ಬೇಜಾರು, ನಿಂಗೂ ಬೇಜಾರು. ಬರೆಯೋದು ನಿಂಗೆ ಯಾಕೆ ಅಷ್ಟು ಕಷ್ಟ ಆಗ್ತಿದೆ ಅಂತ ನಂಗೆ ಗೊತ್ತಾಗ್ತಿಲ್ಲ. ಗೊತ್ತಿರೋರನ್ನ ಕೇಳೋಣ. ನಾನೂ ಬರ್ತೀನಿ, ಅಪ್ಪನೂ ಬರ್ತಾರೆ.’ ಅವನು ‘ಆಗಲ್ಲ’ ಎಂದರೆ ಅವತ್ತಿಗೆ ಅಲ್ಲಿಗೇ ಬಿಡಿ, ಎರಡು ದಿನ ಬಿಟ್ಟು ಮತ್ತೆ ಹೇಳಿ.